ಬಿಸಿಲಿಗೆ ಸಸ್ಯಸತ್ವ: ಮೇಲೆ ಕೂರದೆ ಚರ್ಮದೊಳಗೆ ಇಳಿಯುವಂತೆ ಮಾಡುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಾನು ಗ್ರೀನ್ ಟೀ ಸೊಪ್ಪು ಕುದಿಸಿ, ಆರಿಸಿ, ಹತ್ತಿಯಲ್ಲಿ ಅದ್ದಿ ಮುಖಕ್ಕೆ ಒತ್ತಿಕೊಂಡು ಬಿಸಿಲಿಗೆ ಹೋಗುತ್ತಿದ್ದೆ. ಉಳಿದದ್ದನ್ನು ಫ್ರಿಜ್‌ನಲ್ಲಿ ಇಡುತ್ತಿದ್ದೆ. ಮೂರನೇ ದಿನಕ್ಕೆ ಆ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಮೇಲೆ ತೆಳ್ಳಗೆ ಪೊರೆ ಕಟ್ಟಿತ್ತು. ಅಷ್ಟರಲ್ಲಿ ನನ್ನ ಮೂಗಿನ ತುದಿ ಕೆಂಪಾಗಿ ಸಿಪ್ಪೆ ಏಳುತ್ತಿತ್ತು. ಸೊಪ್ಪಿನಲ್ಲಿ ಸತ್ವ ಇರಲಿಲ್ಲ ಅಂತಲ್ಲ, ಇತ್ತು. ಅದು ಚರ್ಮದೊಳಗೆ ಹೋಗಲೇ ಇಲ್ಲ, ಅಷ್ಟೇ.

ಈ ಲೇಖನ ಆ 'ಒಳಗೆ ಹೋಗುವ' ವಿಷಯದ ಬಗ್ಗೆಯೇ. ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ. ಸನ್‌ಸ್ಕ್ರೀನ್ ಮತ್ತು ಸಸ್ಯಸತ್ವ ಮಾಡುವ ಕೆಲಸ ಬೇರೆ ಬೇರೆ, ಇರಬೇಕಾದ ಜಾಗವೂ ಬೇರೆ. ಸನ್‌ಸ್ಕ್ರೀನ್ ಚರ್ಮದ ಮೇಲೇ ಉಳಿಯಬೇಕು. ಅಲ್ಲೇ ಕೂತು ಕಿರಣಗಳನ್ನು ತಡೆಯಬೇಕು. ಸಸ್ಯದ ಆಂಟಿಆಕ್ಸಿಡೆಂಟ್‌ಗಳು ಒಳಗೆ ಇಳಿಯಬೇಕು. ತಪ್ಪಿಸಿಕೊಂಡು ಒಳನುಗ್ಗಿದ ಕಿರಣಗಳು ಹುಟ್ಟಿಸುವ, ಚರ್ಮದ ಕೋಶಗಳಿಗೆ ಹಾನಿ ಮಾಡುವ ಫ್ರೀ ರ‍್ಯಾಡಿಕಲ್‌ಗಳನ್ನು ಅಲ್ಲೇ ಹಿಡಿಯಬೇಕು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹೇಳಿದಷ್ಟು ದಪ್ಪಕ್ಕೆ ಹಚ್ಚಿದಾಗಲೂ ಸನ್‌ಸ್ಕ್ರೀನ್ ಫ್ರೀ ರ‍್ಯಾಡಿಕಲ್‌ಗಳನ್ನು ಶೇ 55ರಷ್ಟು ಮಾತ್ರ ತಗ್ಗಿಸಿತ್ತು. ಸಸ್ಯಸತ್ವಕ್ಕೆ ಕೆಲಸ ಇರುವುದು ಆ ಉಳಿದ ಪಾಲಿನಲ್ಲಿ. ಅದು ಸನ್‌ಸ್ಕ್ರೀನ್‌ಗೆ ಬದಲಿ ಅಲ್ಲ, ಅದರ ಹಿಂದೆ ನಿಲ್ಲುವ ಎರಡನೇ ಕಾವಲು.

ಹಾಗಾಗಿ ಒಂದನ್ನು ಒಳಗೆ ಕಳಿಸಬೇಕು, ಇನ್ನೊಂದನ್ನು ಹೊರಗೆ ಉಳಿಸಬೇಕು. ಮುಂದೆ ಬರುವ ಎಲ್ಲ ಹೆಜ್ಜೆಗಳೂ ಈ ಎರಡನ್ನು ಒಟ್ಟಿಗೆ ಸಾಧಿಸುವ ಪ್ರಯತ್ನ.

ಮೊದಲು ಆ ಗೋಡೆ ನೋಡೋಣ

ಚರ್ಮದ ತೀರಾ ಮೇಲಿನ ಪದರಕ್ಕೆ ಸ್ಟ್ರೇಟಮ್ ಕಾರ್ನಿಯಮ್ ಅನ್ನುತ್ತಾರೆ. ದೇಹದ ಹೆಚ್ಚಿನ ಭಾಗಗಳಲ್ಲಿ ಇದರ ದಪ್ಪ 10ರಿಂದ 20 ಮೈಕ್ರೋಮೀಟರ್. ಮಾಮೂಲಿ ಕಾಗದದ ಹಾಳೆಗಿಂತ ಎಷ್ಟೋ ತೆಳು. ಆದರೂ ಒಳಗೆ ಹೋಗುವ ದಾರಿಯ ಮುಕ್ಕಾಲು ತಾಪತ್ರಯ ಇಲ್ಲೇ ಇರುವುದು. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆಗಳ ಹಾಗೆ 15-20 ಸಾಲು ಜೋಡಿಸಿಕೊಂಡಿರುತ್ತವೆ. ಇಟ್ಟಿಗೆಗಳ ನಡುವೆ ಗಾರೆ ಇದೆ. ಅದು ಸೆರಮೈಡ್, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳಿಂದ ಆದದ್ದು. ಅಂದರೆ ಗಾರೆ ಪೂರ್ತಿ ಜಿಡ್ಡು.

ಒಳಗೆ ಹೋಗಬೇಕಾದ ಅಣು ಈ ಜಿಡ್ಡಿನ ಗಾರೆಯಲ್ಲಿ ಸುತ್ತಿ ಬಳಸಿ ಹೋಗಬೇಕು. ನೀರಿನಲ್ಲಿ ಮಾತ್ರ ಕರಗುವ ಅಣುವನ್ನು ಜಿಡ್ಡು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಎಣ್ಣೆಯಲ್ಲಿ ಮಾತ್ರ ಕರಗುವ ಅಣು ಆ ಗಾರೆಯಲ್ಲೇ ಸಿಕ್ಕಿಕೊಂಡು ಕೂರುತ್ತದೆ, ಅದರ ಕೆಳಗಿನ ನೀರಿನಂಶದ ಜೀವಂತ ಪದರಕ್ಕೆ ಇಳಿಯುವುದಿಲ್ಲ. ಎರಡರಲ್ಲೂ ಸ್ವಲ್ಪ ಸ್ವಲ್ಪ ಕರಗುವ, ಚಿಕ್ಕ ಅಣುವಿಗೆ ಮಾತ್ರ ದಾರಿ ಸಲೀಸು.

ಎರಡನೇ ದಾರಿಯೂ ಒಂದಿದೆ: ಕೂದಲ ಬುಡದ ರಂಧ್ರಗಳು. ಒಟ್ಟು ಚರ್ಮದಲ್ಲಿ ಇವುಗಳ ಪಾಲು ಸುಮಾರು ಶೇ 0.1 ಅಷ್ಟೇ. ಹಣೆಯ ಮೇಲೆ ಇದಕ್ಕಿಂತ ಜಾಸ್ತಿ. ಇದನ್ನು ನೆನಪಿಟ್ಟುಕೊಳ್ಳಿ, ತಿಕ್ಕುವ ವಿಷಯ ಬಂದಾಗ ಬೇಕಾಗುತ್ತದೆ.

ಹೆಜ್ಜೆ 1: ಒಳಗೆ ಹೋಗಬಲ್ಲ ಅಣುವನ್ನೇ ಆರಿಸಿ

ಚರ್ಮದ ವಿಷಯದಲ್ಲಿ ಕೆಲಸ ಮಾಡುವವರು '500 ಡಾಲ್ಟನ್ ನಿಯಮ' ಅಂತ ಒಂದನ್ನು ಬಳಸುತ್ತಾರೆ. 2000ದಲ್ಲಿ ಬಾಸ್ ಮತ್ತು ಮೈನಾರ್ಡಿ ಅನ್ನುವವರು ಇದನ್ನು ಬರೆದಿಟ್ಟರು. ಅಣುವಿನ ತೂಕ 500 ಡಾಲ್ಟನ್ ದಾಟಿದರೆ ಅದು ಆರೋಗ್ಯವಂತ ಚರ್ಮ ದಾಟುವುದು ಕಷ್ಟ. ಕಲ್ಲಿನ ಮೇಲೆ ಕೆತ್ತಿದ ನಿಯಮ ಅಲ್ಲ, ಆದರೆ ಆರಿಸುವಾಗ ಒಳ್ಳೆಯ ಜರಡಿ.

ಈ ಜರಡಿ ಹಿಡಿದು ನೋಡಿ. ಫೆರುಲಿಕ್ ಆಮ್ಲ 194. ರೆಸ್ವೆರಟ್ರಾಲ್ 228. ಸೋಯಾದ ಜೆನಿಸ್ಟೀನ್ 270. ಕ್ವೆರ್ಸೆಟಿನ್ 302. ಅರಿಶಿನದ ಕರ್ಕ್ಯುಮಿನ್ 368. ವಿಟಮಿನ್ ಸಿ 176, ವಿಟಮಿನ್ ಇ 431. ಗ್ರೀನ್ ಟೀಯ ಮುಖ್ಯ ಸತ್ವ ಇಜಿಸಿಜಿ 458. ಮಿಲ್ಕ್ ಥಿಸಲ್ ಗಿಡದ ಸಿಲಿಬಿನಿನ್ 482. ಈ ಕೊನೆಯ ಎರಡು ಅಂಚಿನಲ್ಲಿ ನಿಂತಿವೆ. ಟೊಮೆಟೊದ ಲೈಕೋಪೀನ್ ಮತ್ತು ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್ ಎರಡೂ 537. ಗಡಿ ದಾಟಿದವು, ಮೇಲಾಗಿ ವಿಪರೀತ ಜಿಡ್ಡಿನವು. ಇವನ್ನು ಹಚ್ಚುವುದಕ್ಕಿಂತ ತಿನ್ನುವುದೇ ಒಳ್ಳೆಯದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನೊಂದು ಸೂಕ್ಷ್ಮ ಇದೆ. ಗಿಡ ತನ್ನ ಸತ್ವವನ್ನು ಎಷ್ಟೋ ಸಲ ಸಕ್ಕರೆಯ ಅಣುಗಳನ್ನು ಅಂಟಿಸಿ ಕೂಡಿಡುತ್ತದೆ. ರುಟಿನ್ ಅನ್ನುವುದು ಬೇರೇನೂ ಅಲ್ಲ, ಕ್ವೆರ್ಸೆಟಿನ್‌ಗೆ ಎರಡು ಸಕ್ಕರೆ ಅಂಟಿದ ರೂಪ. ಕ್ವೆರ್ಸೆಟಿನ್ 302 ಇದ್ದರೆ ರುಟಿನ್ 610! ತೂಕವೂ ದುಪ್ಪಟ್ಟು, ನೀರಿನ ಕಡೆ ಒಲವೂ ಜಾಸ್ತಿ. ಎರಡೂ ಕಡೆಯಿಂದ ಏಟು. ಒಂದೇ ಗಿಡದ ಸಾರ ಅಂತ ಬರೆದ ಎರಡು ಬಾಟಲಿಗಳಲ್ಲಿ ಒಂದು ಇಳಿದು ಇನ್ನೊಂದು ಇಳಿಯದೇ ಇರುವುದಕ್ಕೆ ಇದೂ ಒಂದು ಕಾರಣ. ಲೇಬಲ್ ಮೇಲೆ ಬರೀ ಗಿಡದ ಹೆಸರು ಇದ್ದರೆ ನಿಮಗೆ ಏನೂ ಗೊತ್ತಾಗುವುದಿಲ್ಲ. ಸತ್ವದ ಹೆಸರು ಮತ್ತು ಶೇಕಡಾ ಎಷ್ಟು ಅಂತ ಇದ್ದರೆ ಅದನ್ನು ಮೊದಲು ನೋಡಿ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ವಿಟಮಿನ್ ಸಿ, ಇ ಮತ್ತು ಫೆರುಲಿಕ್ ಆಮ್ಲ ಮೂರೂ ಇರುವ ಸೀರಮ್, ಅಂದರೆ ಮುಖಕ್ಕೆ ಹನಿಹನಿಯಾಗಿ ಹಚ್ಚುವ ತೆಳು ದ್ರವ. ಇದರಲ್ಲಿ ಅಷ್ಟೇನೂ 'ಗಿಡಮೂಲಿಕೆ' ಘಮ ಇಲ್ಲ, ಗೊತ್ತು. ಆದರೆ ಸಾಕ್ಷ್ಯ ಇರುವುದು ಇಲ್ಲಿ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಷೆಲ್ಡನ್ ಪಿನೆಲ್ ಅವರ ತಂಡ 2005ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಶೇ 15 ವಿಟಮಿನ್ ಸಿ ಮತ್ತು ಶೇ 1 ವಿಟಮಿನ್ ಇ ಇರುವ ದ್ರಾವಣಕ್ಕೆ ಶೇ 0.5 ಫೆರುಲಿಕ್ ಆಮ್ಲ ಸೇರಿಸಿದಾಗ ರಕ್ಷಣೆ ಸುಮಾರು 4 ಪಟ್ಟಿನಿಂದ 8 ಪಟ್ಟಿಗೆ ಏರಿತು. ಪರೀಕ್ಷೆ ನಡೆದದ್ದು ಹಂದಿಯ ಚರ್ಮದ ಮೇಲೆ. ಅದು ಮನುಷ್ಯರ ಚರ್ಮಕ್ಕೆ ಹತ್ತಿರದ್ದು, ಆದರೆ ಅದೇ ಅಲ್ಲ. ಫೆರುಲಿಕ್ ಆಮ್ಲ ಹೆಚ್ಚುಕಮ್ಮಿ ಎಲ್ಲ ಸಸ್ಯಗಳ ಕೋಶಭಿತ್ತಿಯಲ್ಲೂ ಇರುವಂಥದ್ದು. ಅಕ್ಕಿ ತೌಡಿನಲ್ಲಿ ಧಾರಾಳ.

ಹೆಜ್ಜೆ 2: ಹೊತ್ತೊಯ್ಯುವ ವಾಹನ ಯಾವುದು ನೋಡಿ

ಅಣು ಎಷ್ಟೇ ಒಳ್ಳೆಯದಿರಲಿ, ಅದನ್ನು ಯಾವುದರಲ್ಲಿ ಬೆರೆಸಿದ್ದಾರೆ ಅನ್ನುವುದೇ ಅರ್ಧ ಫಲಿತಾಂಶ ತೀರ್ಮಾನಿಸುತ್ತದೆ. ನೀವು ಕೊಟ್ಟ ದುಡ್ಡು ನಿಜವಾಗಿ ಕೆಲಸ ಮಾಡುವುದೂ ಇಲ್ಲೇ.

ಸರಳವಾದವುಗಳಿಂದ ಶುರು ಮಾಡೋಣ. ಆಲ್ಕೋಹಾಲ್, ಪ್ರೊಪಿಲೀನ್ ಗ್ಲೈಕಾಲ್, ಪ್ರೊಪೇನ್‌ಡಯಾಲ್, ಈಥಾಕ್ಸಿಡೈಗ್ಲೈಕಾಲ್. ಇವು ಗಾರೆಯನ್ನು ಸ್ವಲ್ಪ ಸಡಿಲ ಮಾಡುತ್ತವೆ, ಸತ್ವವನ್ನು ಕರಗಿಸಿಯೂ ಇಡುತ್ತವೆ. ಆಲ್ಕೋಹಾಲ್‌ನಲ್ಲಿ ಇನ್ನೊಂದು ಚಮತ್ಕಾರ ನಡೆಯುತ್ತದೆ. ಹಚ್ಚಿದ ಮೇಲೆ ಅದು ಆವಿಯಾಗುತ್ತದೆ. ಉಳಿದ ತೆಳು ಪದರದಲ್ಲಿ ಸತ್ವದ ಸಾಂದ್ರತೆ ಒಮ್ಮೆಲೇ ಏರುತ್ತದೆ. ಒತ್ತಡ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಜನ ನುಗ್ಗುವ ಹಾಗೆ, ಅಣುಗಳು ಒಳಗೆ ನುಗ್ಗುತ್ತವೆ. ಒಣ ಚರ್ಮದವರಿಗೆ ಮಾತ್ರ ಇದು ಆಗಿಬರುವುದಿಲ್ಲ. ಉರಿ, ಬಿರುಕು ಗ್ಯಾರಂಟಿ.

ಇನ್ನು ದೊಡ್ಡ ವಾಹನಗಳು. 1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿ ವಿಜ್ಞಾನಿ ಅಲೆಕ್ ಬ್ಯಾಂಗಮ್ ಲಿಪೊಸೋಮ್‌ಗಳನ್ನು ಗುರುತಿಸಿದರು. ಫಾಸ್ಫೋಲಿಪಿಡ್‌ನಿಂದ (ಒಂದು ಬಗೆಯ ಜಿಡ್ಡಿನಿಂದ) ಆದ ಪುಟ್ಟ ಪುಟ್ಟ ಗುಳ್ಳೆಗಳು. ಒಳಗೆ ನೀರು, ಗೋಡೆಯಲ್ಲಿ ಜಿಡ್ಡು. 1986ರಲ್ಲಿ ಇವನ್ನು ಬಳಸಿದ ಮೊದಲ ಕ್ರೀಮ್ ಮಾರುಕಟ್ಟೆಗೆ ಬಂತು. ಅಂದಿನಿಂದ 'ಲಿಪೊಸೋಮ್' ಅನ್ನುವ ಪದ ಡಬ್ಬಿಗಳ ಮೇಲೆ ಮಿನುಗುತ್ತಲೇ ಇದೆ. ನಿಜ ಹೇಳಬೇಕೆಂದರೆ ಮಾಮೂಲಿ ಲಿಪೊಸೋಮ್ ಇಡಿಯಾಗಿ ಒಳಗೆ ಹೋಗುವುದಿಲ್ಲ. ಮೇಲಿನ ಸಾಲುಗಳಲ್ಲೇ ಒಡೆದು, ಹೊತ್ತು ತಂದದ್ದನ್ನು ಅಲ್ಲೇ ಸುರಿಯುತ್ತದೆ. ಅದೂ ತಕ್ಕ ಮಟ್ಟಿಗೆ ಉಪಯೋಗವೇ.

ಆಮೇಲೆ ಬಂದವು ಇನ್ನೂ ಜಾಣ ಗುಳ್ಳೆಗಳು. ಟ್ರಾನ್ಸ್‌ಫರ್‌ಸೋಮ್‌ನ ಗೋಡೆ ಮೆತ್ತಗೆ, ತನಗಿಂತ ಕಿರಿದಾದ ಸಂದಿಯಲ್ಲೂ ತೂರಿಕೊಳ್ಳುತ್ತದೆ. ಎಥೋಸೋಮ್ ಅಂದರೆ ಫಾಸ್ಫೋಲಿಪಿಡ್ ಜೊತೆಗೆ ಧಾರಾಳ ಆಲ್ಕೋಹಾಲ್, ಸುಮಾರು ಶೇ 20ರಿಂದ 45. ಗುಳ್ಳೆಯೂ ಮೃದು, ಗಾರೆಯೂ ಸಡಿಲ. ಇವೆರಡೂ ಮಾಮೂಲಿ ಲಿಪೊಸೋಮ್‌ಗಿಂತ ಆಳಕ್ಕೆ ಇಳಿಸುತ್ತವೆ.

ಸಸ್ಯಸತ್ವಕ್ಕೆಂದೇ ಹುಟ್ಟಿದ್ದು ಫೈಟೋಸೋಮ್. 1980ರ ದಶಕದ ಕೊನೆಗೆ ಇಟಲಿಯ ಇಂಡೆನಾ ಕಂಪನಿ ಇದನ್ನು ರೂಪಿಸಿತು. ಇಲ್ಲಿ ಸತ್ವ ಗುಳ್ಳೆಯೊಳಗೆ ಸುಮ್ನೆ ತೇಲುತ್ತಿರುವುದಿಲ್ಲ. ಒಂದೊಂದು ಅಣುವೂ ಫಾಸ್ಫೋಲಿಪಿಡ್ ಅಣುವಿನ ಕೈಹಿಡಿದುಕೊಂಡಿರುತ್ತದೆ. ನೀರಿನ ಸ್ವಭಾವದ ಸತ್ವಕ್ಕೆ ಹೊರಗಿನಿಂದ ಜಿಡ್ಡಿನ ಅಂಗಿ ತೊಡಿಸಿದ ಹಾಗೆ. ಮಿಲ್ಕ್ ಥಿಸಲ್ ಗಿಡದ ಸಿಲಿಮರಿನ್, ಗ್ರೀನ್ ಟೀ, ದ್ರಾಕ್ಷಿಬೀಜದ ಸಾರಗಳು ಈ ರೂಪದಲ್ಲಿ ಸಿಗುತ್ತವೆ. ಇಜಿಸಿಜಿಯಂಥ, ನೀರಿನ ಕಡೆ ವಾಲಿದ ಅಂಚಿನ ಅಣುಗಳಿಗೆ ನಾನು ಇದನ್ನೇ ಹುಡುಕುತ್ತೇನೆ.

ಲೇಬಲ್‌ನಲ್ಲಿ ಇದನ್ನೆಲ್ಲ ಗುರುತಿಸುವುದು ಹೇಗೆ? ಸತ್ವದ ಹೆಸರಿನ ಪಕ್ಕದಲ್ಲೇ ಲೆಸಿಥಿನ್ ಅಥವಾ ಫಾಸ್ಫಟೈಡಿಲ್‌ಕೋಲಿನ್ ಇದೆಯಾ ನೋಡಿ, ಫಾಸ್ಫೋಲಿಪಿಡ್ ಲೇಬಲ್ ಮೇಲೆ ಬರುವುದು ಈ ಹೆಸರುಗಳಲ್ಲಿ. ಪಟ್ಟಿಯಲ್ಲಿ ಮೊದಲು ಬರುವುದು ಹೆಚ್ಚು ಪ್ರಮಾಣದ್ದು. ಶೇ 1ಕ್ಕಿಂತ ಕಡಿಮೆ ಇರುವವನ್ನು ಮಾತ್ರ ಯಾವ ಕ್ರಮದಲ್ಲಾದರೂ ಬರೆಯಬಹುದು. ಸುವಾಸನೆ ಮತ್ತು ಸಂರಕ್ಷಕಗಳ ನಂತರ ಗಿಡದ ಸಾರ ಕಂಡರೆ, ಅದು ಬಹುಮಟ್ಟಿಗೆ ಡಬ್ಬಿಯ ಮೇಲಿನ ಚಿತ್ರಕ್ಕಾಗಿ ಹಾಕಿದ್ದು.

ಒಂದು ಎಚ್ಚರಿಕೆ. ಡಿಎಂಎಸ್ಒ ಅನ್ನುವ ದ್ರಾವಣ ಚರ್ಮ ದಾಟುವುದರಲ್ಲಿ ನಿಸ್ಸೀಮ. ಕೈಗೆ ಹಚ್ಚಿದ ಸ್ವಲ್ಪ ಹೊತ್ತಿಗೆ ಬಾಯಲ್ಲಿ ಬೆಳ್ಳುಳ್ಳಿ ರುಚಿ ಬರುತ್ತದೆ, ಅಷ್ಟು ವೇಗ. ಆದರೆ ಅದು ಜೊತೆಗಿದ್ದ ಕೊಳೆಯನ್ನೂ ರಾಸಾಯನಿಕವನ್ನೂ ಬೇಧ ಮಾಡದೆ ಒಳಗೆ ಎಳೆದೊಯ್ಯುತ್ತದೆ. ಮನೆಯಲ್ಲಿ ಇದನ್ನು ಬೆರೆಸುವ ಯೋಚನೆಯೇ ಬೇಡ.

ಹೆಜ್ಜೆ 3: ಪಿಎಚ್ ಲೆಕ್ಕ

ವಿದ್ಯುತ್ ಚಾರ್ಜ್ ಇರುವ ಅಣುವನ್ನು ಜಿಡ್ಡಿನ ಗಾರೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ವಿಟಮಿನ್ ಸಿ ಒಂದು ಆಮ್ಲ. ಪಿಎಚ್ 4.2ರಲ್ಲಿ ಅದರ ಅರ್ಧ ಅಣುಗಳಿಗೆ ಚಾರ್ಜ್ ಇರುತ್ತದೆ, ಅರ್ಧಕ್ಕೆ ಇರುವುದಿಲ್ಲ. ಪಿಎಚ್ ಇಳಿಸಿದಷ್ಟೂ ಚಾರ್ಜ್ ಇಲ್ಲದವು ಹೆಚ್ಚುತ್ತವೆ. ಪಿನೆಲ್ ತಂಡದ 2001ರ ಕೆಲಸದಲ್ಲಿ, ಪಿಎಚ್ 3.5ಕ್ಕಿಂತ ಕಡಿಮೆ ಇದ್ದಾಗಲೇ ವಿಟಮಿನ್ ಸಿ ಸರಿಯಾಗಿ ಒಳಗೆ ಇಳಿದದ್ದು. ಸಾಂದ್ರತೆ ಶೇ 20ರವರೆಗೆ ಏರಿಸಿದಂತೆ ಲಾಭ ಏರಿತು, ಅದಕ್ಕಿಂತ ಜಾಸ್ತಿ ಹಾಕಿದರೆ ಏನೂ ಹೆಚ್ಚಲಿಲ್ಲ. ಶೇ 30 ಅಂತ ದೊಡ್ಡಕ್ಷರದಲ್ಲಿ ಬರೆದ ಬಾಟಲಿ ನೋಡಿ ಮರುಳಾಗಬೇಡಿ.

ಇಜಿಸಿಜಿಗೆ ಬೇರೆ ಕಾರಣಕ್ಕೆ ಹುಳಿ ಬೇಕು. ಪಿಎಚ್ 7ರ ಆಸುಪಾಸಿನಲ್ಲಿ ಅದು ಗಾಳಿಗೆ ಬೇಗ ಕೆಡುತ್ತದೆ. ನನ್ನ ಆ ಕಂದು ನೀರಿನ ಕಥೆ ಅದೇ.

ಮನೆಯಲ್ಲಿ ಪಿಎಚ್ ಕಾಗದದ ಪಟ್ಟಿ ಇದ್ದರೆ ಒಂದು ಹನಿ ಸೀರಮ್ ಅದರ ಮೇಲೆ ಬಿಟ್ಟು ನೋಡಿ. ವಿಟಮಿನ್ ಸಿ ಸೀರಮ್ 5 ಅಥವಾ 6 ತೋರಿಸಿದರೆ ಒಳಗೆ ಹೋಗುವ ಭರವಸೆ ಕಡಿಮೆ. ಇದು ಶುದ್ಧ ವಿಟಮಿನ್ ಸಿಗೆ, ಅಂದರೆ ಎಲ್-ಆಸ್ಕಾರ್ಬಿಕ್ ಆಮ್ಲಕ್ಕೆ ಮಾತ್ರ ಅನ್ವಯ, ಅದರ ಬೇರೆ ರೂಪಗಳಿಗಲ್ಲ. ನಿಂಬೆರಸ ಹುಳಿ ತಾನೇ, ಅದನ್ನೇ ಹಚ್ಚಿದರಾಯಿತಲ್ವಾ ಅಂತ ಕೇಳಬೇಡಿ. ಅದಕ್ಕೊಂದು ಪ್ರತ್ಯೇಕ ಭಾಗವೇ ಕೆಳಗಿದೆ.

ಹೆಜ್ಜೆ 4: ಚರ್ಮವನ್ನು ಸಿದ್ಧ ಮಾಡಿ, ಸುಲಿಯಬೇಡಿ

ಉಗುರುಬೆಚ್ಚಗಿನ ನೀರು, ಮೃದುವಾದ ಕ್ಲೆನ್ಸರ್. ಮಾಮೂಲಿ ಸೋಪಿನ ಪಿಎಚ್ 9-10 ಇರುತ್ತದೆ. ಚರ್ಮದ್ದು 5ರ ಹತ್ತಿರ. ಸೋಪು ಹಚ್ಚಿ ತೊಳೆದ ತಕ್ಷಣ ಹುಳಿ ಸೀರಮ್ ಹಚ್ಚಿದರೆ ಆ ಹುಳಿಯನ್ನು ಸೋಪಿನ ಶೇಷ ಸ್ವಲ್ಪ ತಿಂದುಹಾಕುತ್ತದೆ.

ನೀರಿನಂಶ ದೊಡ್ಡ ಸಹಾಯ. ಒಣಗಿದ ಸ್ಪಂಜು ಮತ್ತು ನೆನೆದ ಸ್ಪಂಜಿನ ವ್ಯತ್ಯಾಸ ಗೊತ್ತಲ್ವಾ? ಚರ್ಮದ ಮೇಲಿನ ಪದರವೂ ಹಾಗೆಯೇ. ನೀರು ಹೀರಿಕೊಂಡಾಗ ಕೋಶಗಳು ಉಬ್ಬುತ್ತವೆ, ಗಾರೆ ಸಡಿಲವಾಗುತ್ತದೆ. ಆದ್ದರಿಂದ ಮುಖ ಒರೆಸುವಾಗ ಬಟ್ಟೆಯಿಂದ ಒತ್ತಿ, ತಿಕ್ಕಬೇಡಿ. ಮುಟ್ಟಿದರೆ ತಣ್ಣಗೆ ತೇವ ಅನ್ನಿಸುವಾಗಲೇ ಸಸ್ಯಸತ್ವದ ಸೀರಮ್ ಹಚ್ಚಿ. ಪಿಎಚ್ 3ರ ಆಸುಪಾಸಿನ ವಿಟಮಿನ್ ಸಿ ಮಾತ್ರ ಇದಕ್ಕೆ ಹೊರತು. ತೇವದ ಚರ್ಮದ ಮೇಲೆ ಅದು ಚುರುಗುಟ್ಟಬಹುದು, ಒಣಗಿದ ಮೇಲೆ ಹಚ್ಚುವುದೇ ವಾಸಿ.

ಸತ್ತ ಕೋಶಗಳನ್ನು ತೆಗೆದರೆ ಗೋಡೆ ತೆಳುವಾಗುತ್ತದೆ, ಸತ್ವ ಬೇಗ ಇಳಿಯುತ್ತದೆ. ಹೌದು, ನಿಜ. ಆದರೆ ತೆಳುವಾದ ಗೋಡೆಯಿಂದ ಬಿಸಿಲೂ ಬೇಗ ಇಳಿಯುತ್ತದೆ. ಗ್ಲೈಕೋಲಿಕ್ ಆಮ್ಲದಂಥ ಎಎಚ್ಎ (ಸತ್ತ ಕೋಶ ಕಳಚುವ ಆಮ್ಲ) ಬಳಸುವಾಗ, ನಿಲ್ಲಿಸಿದ ಮೇಲೂ ಒಂದು ವಾರ ಬಿಸಿಲಿನಿಂದ ಎಚ್ಚರವಿರಿ ಅಂತ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಲೇಬಲ್‌ಗೆ ಸೂಚಿಸುವುದು ಇದಕ್ಕೇ. ಬಿಸಿಲಿನಿಂದ ಕಾಪಾಡಲು ಹೊರಟು ಬಿಸಿಲಿಗೇ ಬಾಗಿಲು ತೆರೆದರೆ ಏನು ಬಂತು? ಬೇಕೇ ಬೇಕು ಅಂದರೆ ವಾರಕ್ಕೊಮ್ಮೆ, ರಾತ್ರಿ, ಸೌಮ್ಯವಾದದ್ದು. ಒರಟು ಸ್ಕ್ರಬ್ ಮತ್ತು ಸೂಜಿ ರೋಲರ್‌ಗಳು ಹಗಲು ಹೊರಗೆ ಹೋಗುವವರಿಗೆ ಬೇಡವೇ ಬೇಡ.

ಎಣ್ಣೆಯ ಆಯ್ಕೆಯಲ್ಲೂ ಇದೇ ಇಬ್ಬಂದಿ. ಆಲಿವ್ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಜಾಸ್ತಿ. ಅದು ಗಾರೆಯನ್ನು ಕೆದಕಿ ದಾರಿ ಮಾಡಿಕೊಡುತ್ತದೆ, ಆದರೆ ದಿನಾ ಹಚ್ಚಿದರೆ ಗೋಡೆಯನ್ನೇ ದುರ್ಬಲ ಮಾಡುತ್ತದೆ. ಲಿನೋಲಿಯಿಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಗೋಡೆಯನ್ನು ಉಳಿಸುತ್ತದೆ. ದಿನನಿತ್ಯಕ್ಕೆ ನನ್ನ ಮತ ಎರಡನೆಯದಕ್ಕೆ.

ಹೆಜ್ಜೆ 5: ಹಚ್ಚುವ ರೀತಿ

ಮುಖಕ್ಕೆ ನಾಲ್ಕೈದು ಹನಿ ಸಾಕು. ಅಂಗೈಯಲ್ಲಿ ಉಜ್ಜಿಕೊಂಡರೆ ಅರ್ಧ ಕೈಗೇ ಹೋಗುತ್ತದೆ. ಬೆರಳ ತುದಿಯಿಂದ ಹಣೆ, ಕೆನ್ನೆ, ಗಲ್ಲಕ್ಕೆ ಚುಕ್ಕೆ ಇಟ್ಟು ಹರಡಿ. ಆಮೇಲೆ ಒಂದು ನಿಮಿಷ ಮೆಲ್ಲಗೆ ಸುತ್ತು ಸುತ್ತಾಗಿ ನೀವಿ. ಮೊದಲು ಹೇಳಿದ ಕೂದಲ ಬುಡದ ದಾರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀವಿದಾಗ ಕೂದಲು ಅಲುಗಾಡಿ ಪಂಪಿನ ಹಾಗೆ ಕಣಗಳನ್ನು ಕೆಳಗೆ ತಳ್ಳುತ್ತದೆ. 300ರಿಂದ 600 ನ್ಯಾನೋಮೀಟರ್ ಗಾತ್ರದ ಕಣಗಳು ಹೀಗೆ ಚೆನ್ನಾಗಿ ಇಳಿಯುತ್ತವೆ. ಗುಳ್ಳೆ ರೂಪದ ಸೀರಮ್‌ಗಳಿಗೆ ನೀವುವುದು ಸುಮ್ನೆ ಶಾಸ್ತ್ರಕ್ಕಲ್ಲ.

ಎಲ್ಲ ಕಡೆ ಒಂದೇ ಪ್ರಮಾಣ ಬೇಡ. ಫೆಲ್ಡ್‌ಮನ್ ಮತ್ತು ಮೈಬಾಕ್ ಅನ್ನುವ ಸಂಶೋಧಕರು 1967ರಲ್ಲಿ ಹೈಡ್ರೋಕಾರ್ಟಿಸೋನ್ ಅನ್ನುವ ಔಷಧ ಹಚ್ಚಿ, ಎಷ್ಟು ಒಳಗೆ ಇಳಿಯುತ್ತದೆ ಅಂತ ಅಳೆದಿದ್ದರು. ಮುಂಗೈಯನ್ನು 1 ಅಂತ ಇಟ್ಟುಕೊಂಡರೆ ಹಣೆ 6, ದವಡೆಯ ಮೂಲೆ 13, ಅಂಗಾಲು ಬರೀ 0.14. ಔಷಧ ಬೇರೆಯಾದರೆ ಅಂಕಿ ಬದಲಾಗುತ್ತದೆ, ಅಂದಾಜು ಮಾತ್ರ ಇದೇ. ಮುಖಕ್ಕೆ ಕಮ್ಮಿ ಸಾಕು. ಮುಂಗೈ, ಕತ್ತಿನ ಹಿಂಭಾಗಕ್ಕೆ ಸ್ವಲ್ಪ ಧಾರಾಳವಾಗಿ ಹಚ್ಚಿ. ದವಡೆಯ ಅಂಚಿನಲ್ಲೇ ಮೊದಲು ಉರಿ ಶುರುವಾಗುವುದು ಯಾಕೆ ಅಂತಲೂ ಈಗ ಗೊತ್ತಾಯಿತಲ್ವಾ?

ಆಮೇಲೆ ಕಾಯಬೇಕು. ಐದು-ಹತ್ತು ನಿಮಿಷ. ಬೆರಳಿಟ್ಟರೆ ಅಂಟು ಇರಬಾರದು, ಬೆರಳು ಜಾರಲೂಬಾರದು. ಒದ್ದೆ ಇರುವಾಗಲೇ ಮೇಲೆ ಸನ್‌ಸ್ಕ್ರೀನ್ ಬಳಿದರೆ ಎರಡೂ ಕಲೆಸಿಹೋಗುತ್ತವೆ. ಸನ್‌ಸ್ಕ್ರೀನ್ ಕೆಲಸ ಮಾಡುವುದು ಅದು ಕಟ್ಟುವ ಸಮನಾದ ಪೊರೆಯಿಂದ. ಪೊರೆ ಒಡೆದರೆ ಅಲ್ಲಲ್ಲಿ ತೂತು.

ಕೊನೆಗೆ ಸನ್‌ಸ್ಕ್ರೀನ್. ಪರೀಕ್ಷೆಯಲ್ಲಿ ಬಳಸುವ ಪ್ರಮಾಣ ಪ್ರತಿ ಚದರ ಸೆಂಟಿಮೀಟರ್‌ಗೆ 2 ಮಿಲಿಗ್ರಾಂ. ಮುಖ ಮತ್ತು ಕತ್ತಿಗೆ ಎರಡು ಬೆರಳುದ್ದ ಅಂತ ಲೆಕ್ಕ ಇಟ್ಟುಕೊಳ್ಳಿ. ಹೊರಗೆ ಹೋಗುವ 15 ನಿಮಿಷ ಮುಂಚೆ ಹಚ್ಚಿ. ಬಿಸಿಲಲ್ಲಿ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಇದನ್ನು ತಿಕ್ಕಿ ತಿಕ್ಕಿ ಇಳಿಸಬೇಡಿ, ಸವರಿ ಬಿಟ್ಟುಬಿಡಿ. ಇದು ಮೇಲೇ ಇರಬೇಕಾದ್ದು.

ಸಮಯ ಉಳಿಸಲು ಸೀರಮ್ಮನ್ನು ಸನ್‌ಸ್ಕ್ರೀನ್‌ಗೇ ಬೆರೆಸುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಪೊರೆ ಹಾಳಾಗುವುದು ಒಂದು ತೊಂದರೆ. ಇಳಿಸುವ ದ್ರಾವಣಗಳು ಸನ್‌ಸ್ಕ್ರೀನಿನ ರಾಸಾಯನಿಕವನ್ನೂ ಒಳಗೆ ಎಳೆದುಕೊಂಡು ಹೋಗಬಹುದು ಅನ್ನುವುದು ಇನ್ನೊಂದು. ಸನ್‌ಸ್ಕ್ರೀನ್‌ನ ಕೆಲವು ರಾಸಾಯನಿಕಗಳು ರಕ್ತದಲ್ಲಿ ಸಿಕ್ಕಿದ್ದನ್ನು ಎಫ್‌ಡಿಎಯ 2019ರ ಅಧ್ಯಯನ ತೋರಿಸಿತ್ತು. ರಕ್ತದಲ್ಲಿ ಸಿಕ್ಕಿತು ಅಂದರೆ ಅಪಾಯ ಅಂತಲ್ಲ, ಸನ್‌ಸ್ಕ್ರೀನ್ ಬಿಡಬೇಡಿ ಅಂತಲೂ ಅವರೇ ಹೇಳಿದರು. ಆದರೆ ಅದನ್ನು ನಾವೇ ಕೈಯಾರೆ ಇನ್ನಷ್ಟು ಒಳಗೆ ತಳ್ಳುವುದು ಯಾಕೆ? ರಾಸಾಯನಿಕದ ಬಗ್ಗೆ ಚಿಂತೆ ಇರುವವರು ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಬಳಸಲಿ.

ಹೆಜ್ಜೆ 6: ಒಂದು ದಿನದ ಕೆಲಸ ಅಲ್ಲ

ಬೆಳಗ್ಗೆ ಹಚ್ಚಿ ಮಧ್ಯಾಹ್ನ ಫಲ ಎಣಿಸುವವರು ಇಲ್ಲಿ ಸೋಲುತ್ತಾರೆ. ಚರ್ಮ ಒಂದು ಕಣಜದ ಹಾಗೆ, ತುಂಬಲು ಸಮಯ ಬೇಕು. ಪಿನೆಲ್ ತಂಡದ ಅಳತೆಯಲ್ಲಿ ವಿಟಮಿನ್ ಸಿ ದಿನಾ ಹಚ್ಚಿದಾಗ ಮೂರು ದಿನಕ್ಕೆ ಚರ್ಮ ತುಂಬಿತು. ತುಂಬಿದ್ದು ಅರ್ಧಕ್ಕೆ ಇಳಿಯಲು ಸುಮಾರು ನಾಲ್ಕು ದಿನ ಹಿಡಿಯಿತು. ಅಂದರೆ ಪ್ರವಾಸಕ್ಕೋ ಹೊರಗಿನ ಕೆಲಸಕ್ಕೋ ಹೋಗುವುದಿದ್ದರೆ ಮೂರ್ನಾಲ್ಕು ದಿನ ಮುಂಚೆಯೇ ಶುರು ಮಾಡಿ. ಒಂದು ದಿನ ಮರೆತರೂ ತಲೆಕೆಡಿಸಿಕೊಳ್ಳಬೇಡಿ.

ಒಳಗೆ ಇಳಿದದ್ದನ್ನು ಬೆವರು, ನೀರು ತೊಳೆದುಕೊಂಡು ಹೋಗುವುದಿಲ್ಲ. ಸಸ್ಯಸತ್ವದ ದೊಡ್ಡ ಅನುಕೂಲ ಇದೇ.

ರಾತ್ರಿ ಹಚ್ಚುವುದಕ್ಕೂ ಅರ್ಥವಿದೆ, ಮುಖ್ಯವಾಗಿ ಬೆಳಕಿಗೆ ಕೆಡುವ ಸತ್ವಗಳಿಗೆ. ಬಟ್ಟೆಯ ಮೇಲಿನ ಅರಿಶಿನದ ಕಲೆಯನ್ನು ಬಿಸಿಲಿಗೆ ಹಾಕಿದರೆ ಮಾಯವಾಗುತ್ತದೆ, ನೋಡಿದ್ದೀರಲ್ವಾ? ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುವುದನ್ನು ಕಣ್ಣಾರೆ ಕಾಣಲು ಇದಕ್ಕಿಂತ ಸುಲಭದ ಪ್ರಯೋಗ ಇಲ್ಲ. ಮುಖದ ಮೇಲೂ ಅದೇ ಆಗುತ್ತದೆ. ರೆಸ್ವೆರಟ್ರಾಲ್ ಕೂಡ ಯುವಿ (ಬಿಸಿಲಿನ ಅತಿನೇರಳೆ ಕಿರಣ) ತಾಗಿದರೆ ರೂಪ ಬದಲಿಸುತ್ತದೆ. ಇವೆರಡನ್ನು ರಾತ್ರಿಗೆ ಇಟ್ಟುಕೊಳ್ಳಿ.

ನಿಂಬೆ, ಬರ್ಗಮಾಟ್ ಮತ್ತು ಇತರ ಅನಾಹುತಗಳು

ಗಿಡದ್ದು ಅಂದ ಮಾತ್ರಕ್ಕೆ ಬಿಸಿಲಿಗೆ ಒಳ್ಳೆಯದಲ್ಲ. ನಿಂಬೆ ಜಾತಿಯ ಹಣ್ಣುಗಳ ಸಿಪ್ಪೆ, ಅದೇ ಜಾತಿಯ ಬರ್ಗಮಾಟ್ ಹಣ್ಣಿನ ಎಣ್ಣೆ, ಅಂಜೂರದ ಹಾಲು, ಸೆಲೆರಿ. ಇವುಗಳಲ್ಲಿ ಫ್ಯುರಾನೊಕೂಮರಿನ್ ಅನ್ನುವ ವಸ್ತುಗಳಿವೆ. ಇವು ಚಿಕ್ಕ ಅಣುಗಳು, ಸಲೀಸಾಗಿ ಒಳಗೆ ಇಳಿಯುತ್ತವೆ. ಇಳಿದ ಮೇಲೆ ಯುವಿಯ ಒಂದು ಬಗೆಯಾದ ಯುವಿಎ ಕಿರಣ ಬಿದ್ದರೆ ಚರ್ಮವನ್ನು ಸುಡುತ್ತವೆ. ಹಚ್ಚಿದ ತಕ್ಷಣ ಏನೂ ಕಾಣುವುದಿಲ್ಲ. ಒಂದೆರಡು ದಿನ ಬಿಟ್ಟು ಕೆಂಪು, ಗುಳ್ಳೆ. ರಸ ಹರಿದ ಗೆರೆಯ ಆಕಾರದಲ್ಲೇ ಕಪ್ಪು ಕಲೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಒಳಗೆ ಇಳಿಸುವ ಉಪಾಯಗಳನ್ನೆಲ್ಲ ಬಳಸಿ ಇವನ್ನು ಹಚ್ಚಿದರೆ ಅನಾಹುತವೂ ಅಷ್ಟೇ ಚೆನ್ನಾಗಿ ಇಳಿಯುತ್ತದೆ.

ಎಣ್ಣೆಗಳ ಎಸ್‌ಪಿಎಫ್ ಕಥೆ ಇನ್ನೊಂದು. ಬಿಸಿಲಿನಿಂದ ಎಷ್ಟು ರಕ್ಷಣೆ ಅಂತ ಹೇಳುವ ಅಂಕಿ ಅದು. ರಾಸ್ಪ್‌ಬೆರಿ ಬೀಜದ ಎಣ್ಣೆಗೆ ಎಸ್‌ಪಿಎಫ್ 28ರಿಂದ 50 ಅಂತ ನೆಟ್‌ನಲ್ಲಿ ಓಡಾಡುತ್ತದೆ. ಅದು ಮನುಷ್ಯರ ಚರ್ಮದ ಮೇಲೆ ಪರೀಕ್ಷಿಸಿ ಬಂದ ಅಂಕಿ ಅಲ್ಲ. ತೆಂಗಿನೆಣ್ಣೆಗೆ 7-8 ಅಂತ ಬಂದದ್ದು ಆಲ್ಕೋಹಾಲ್‌ನಲ್ಲಿ ತೆಳು ಮಾಡಿ ಯಂತ್ರದಲ್ಲಿ ಬೆಳಕು ಹಾಯಿಸಿ ನೋಡಿದಾಗ. ಗಾಜಿನ ಕೊಳವೆ ಬೆವರುವುದಿಲ್ಲ, ಮುಖ ಒರೆಸಿಕೊಳ್ಳುವುದೂ ಇಲ್ಲ.

ಮನೆಯಲ್ಲೇ ಮಾಡುತ್ತೇನೆ ಅನ್ನುವವರಿಗೆ: ನೀರಿರುವ ಕಷಾಯ ಬೇಡ. ಸಂರಕ್ಷಕ ಇಲ್ಲದ ನೀರಿನಲ್ಲಿ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುತ್ತವೆ. ಮಾಡಿದರೆ ಆ ಹೊತ್ತಿಗೆ ಬೇಕಾದಷ್ಟೇ ಮಾಡಿ, ಉಳಿದದ್ದು ಚೆಲ್ಲಿ. ಎಸ್ಸೆನ್ಶಿಯಲ್ ಆಯಿಲ್‌ಗಳು ಸತ್ವ ಇಳಿಸುತ್ತವೆ, ನಿಜ. ಲಿಮೊನೀನ್, ಮೆಂಥಾಲ್ ಎರಡಕ್ಕೂ ಆ ಗುಣವಿದೆ. ಆದರೆ ಗಾಳಿಗೆ ಹಳತಾದ ಲಿಮೊನೀನ್ ಅಲರ್ಜಿ ತರುವುದರಲ್ಲಿ ಕುಖ್ಯಾತ.

ಹೊಸ ಬಾಟಲಿ ತೆರೆದಾಗ

ಮೊದಲ ದಿನವೇ ಮುಖಕ್ಕೆ ಬಳಿಯಬೇಡಿ. ಮೊಣಕೈ ಒಳಬದಿಯಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಇಳಿಸುವ ದ್ರಾವಣ ಇರುವ ಸೀರಮ್‌ಗಳಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಇಳಿಯುವುದು ಸತ್ವ ಒಂದೇ ಅಲ್ಲ, ಸುವಾಸನೆ ಮತ್ತು ಸಂರಕ್ಷಕಗಳೂ ಜೊತೆಗೆ ಇಳಿಯುತ್ತವೆ. ಎಕ್ಸಿಮಾ ಇರುವವರಿಗೆ, ಗಾಯದ ಮೇಲೆ, ಶೇವ್ ಮಾಡಿದ ತಕ್ಷಣ ಗೋಡೆ ಅರ್ಧ ಬಿದ್ದೇ ಇರುತ್ತದೆ. ಆಗ ಯಾವ ಉಪಾಯವೂ ಬೇಡ. ಪುಟ್ಟ ಮಕ್ಕಳಿಗೂ ಬೇಡ. ಆರು ತಿಂಗಳೊಳಗಿನ ಕೂಸಿಗೆ ನೆರಳು ಮತ್ತು ಬಟ್ಟೆಯೇ ಕಾವಲು.

ಬಾಟಲಿ ಕಪ್ಪು ಗಾಜಿನದ್ದೋ, ಗಾಳಿ ಹೋಗದ ಪಂಪಿನದ್ದೋ ಆಗಿರಲಿ. ಅಗಲ ಬಾಯಿಯ ಡಬ್ಬಿಯಲ್ಲಿ ಆಂಟಿಆಕ್ಸಿಡೆಂಟ್ ಇಟ್ಟರೆ ಅದು ನಿಮ್ಮ ಚರ್ಮಕ್ಕೆ ಬದಲು ಡಬ್ಬಿಯೊಳಗಿನ ಗಾಳಿಯ ಜೊತೆ ಹೋರಾಡಿ ಸೋತಿರುತ್ತದೆ. ವಿಟಮಿನ್ ಸಿ ಸೀರಮ್ ತಿಳಿ ಹಳದಿ ಇದ್ದರೆ ನಡೆಯುತ್ತದೆ. ಟೀ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಎಸೆಯಿರಿ, ಎಷ್ಟೇ ದುಬಾರಿಯಾಗಿರಲಿ. ತೆರೆದ ದಿನಾಂಕವನ್ನು ಬಾಟಲಿಯ ತಳದಲ್ಲಿ ಪೆನ್ನಿನಿಂದ ಬರೆದಿಡಿ. ಮೂರು ತಿಂಗಳು ಅನ್ನುವುದು ನನ್ನ ಗಡಿ.

ಗೋಡೆ ದಾಟದವುಗಳಿಗೆ ಹಿಂಬಾಗಿಲು

ಲೈಕೋಪೀನ್ ವಿಷಯಕ್ಕೆ ಬರುತ್ತೇನೆ ಅಂದಿದ್ದೆ. 2001ರಲ್ಲಿ ಜರ್ಮನಿಯ ಸಂಶೋಧಕರು ಜನರಿಗೆ ದಿನಾ 40 ಗ್ರಾಂ ಟೊಮೆಟೊ ಪೇಸ್ಟನ್ನು 10 ಗ್ರಾಂ ಆಲಿವ್ ಎಣ್ಣೆಯ ಜೊತೆ ತಿನ್ನಿಸಿದರು. 10 ವಾರಗಳ ನಂತರ ಯುವಿ ಬಿಟ್ಟಾಗ ಚರ್ಮ ಕೆಂಪಾಗುವುದು, ಬರೀ ಎಣ್ಣೆ ತಿಂದವರಿಗೆ ಹೋಲಿಸಿದರೆ, ಶೇ 40ರಷ್ಟು ಕಡಿಮೆಯಾಗಿತ್ತು. ಹೊರಗಿನಿಂದ ಗೋಡೆ ಹತ್ತಲಾಗದ ಅಣು ರಕ್ತದ ದಾರಿಯಲ್ಲಿ ಒಳಗಿನಿಂದ ಬಂತು. ಎಣ್ಣೆ ಯಾಕೆ ಅಂದರೆ ಕರುಳಿನಲ್ಲೂ ಅದೇ ಕಥೆ: ಜಿಡ್ಡಿನ ಅಣುವಿಗೆ ಜಿಡ್ಡಿನ ಜೊತೆ ಬೇಕು. ಮಧ್ಯ ಅಮೆರಿಕದ ಪಾಲಿಪೋಡಿಯಮ್ ಲ್ಯೂಕೋಟೋಮಸ್ ಅನ್ನುವ ಜರೀಗಿಡದ ಸಾರವನ್ನೂ ಹೀಗೇ ಮಾತ್ರೆಯಾಗಿ ನುಂಗುತ್ತಾರೆ. ಬೇರೆ ಔಷಧ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ನುಂಗಲಿ.

ಹತ್ತು ವಾರ ಅಂದರೆ ಎರಡು ತಿಂಗಳಿಗೂ ಜಾಸ್ತಿ. ಬೇಸಿಗೆಗೆ ಬೇಕಾದರೆ ಚಳಿ ಇರುವಾಗಲೇ ತಿನ್ನಲು ಶುರು ಮಾಡಬೇಕು. ಹಚ್ಚುವ ಸೀರಮ್ಮಿಗೆ ಮೂರು ದಿನ ಮುಂಚೆ ಸಾಕು, ಸನ್‌ಸ್ಕ್ರೀನ್‌ಗೆ ಹದಿನೈದು ನಿಮಿಷ.